ಒಂಬತ್ತು ವರ್ಷಕ್ಕೆ ಸಾಕ್ಷಿ

ಅಕ್ಟೋಬರ್ ೧೪

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯಾ? ಅಳಿಯಂದಿರು, ಮಗು ಹೇಗಿದ್ದಾರೆ? ನಿನ್ನ ಕಾಗದ ಬಂದು ತಿಂಗಳು ದಾಟಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಇದನ್ನು ಬರೆಯಲು ನಾಲ್ಕು ದಿನ ಹಿಡಿದಿದೆ. ನಡುಗುವ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದು ಬರೆಯುತ್ತಿದ್ದೇನೆ. ಅಕ್ಷರ ತಿಳಿಯದಿದ್ದರೆ ಬೇರೆಯವರ ಕೈಲಿ ಓದಿಸಬೇಡ, ನೀನೇ ನಿಧಾನವಾಗಿ ಓದು.

ಅಂಗಡಿ ಮುಚ್ಚಿದೆ. ಕ್ಷೌರದವನ ಕೈ ನಡುಗಿದರೆ ಯಾರು ತಾನೇ ಕತ್ತು ಒಡ್ಡಿ ಕೂರುತ್ತಾರೆ? ಕೊನೆಗೆ ಉಳಿದಿದ್ದವನು ಬ್ಯಾಂಕಿನ ಗುಮಾಸ್ತ, ಇಪ್ಪತ್ತು ವರ್ಷದ ಗಿರಾಕಿ. ರೇಜರ್ ಕಿವಿಯ ಹತ್ತಿರ ಬಂದಾಗ ಕನ್ನಡಿಯಲ್ಲಿ ನನ್ನ ಕೈ ನೋಡಿದ. "ಏನಯ್ಯಾ, ಬೆಳಿಗ್ಗೆನೇ ಶುರು ಹಚ್ಕೊಂಡ್ಯಾ?" ಎಂದವನೇ ಅರ್ಧ ಮುಖದ ಸೋಪು ಒರೆಸಿಕೊಂಡು ಎದ್ದು ಹೋದ. ಒಂಬತ್ತು ವರ್ಷದಿಂದ ಒಂದು ತೊಟ್ಟೂ ಮುಟ್ಟಿಲ್ಲ ಎಂದು ಅವನ ಬೆನ್ನಿಗೆ ಹೇಳಿದೆ. ಬೆನ್ನಿಗೆ ಕಿವಿ ಎಲ್ಲಿ?

ದೊಡ್ಡಾಸ್ಪತ್ರೆಯಲ್ಲಿ ಇದು ನರದ ಕಾಯಿಲೆ ಎಂದರು. ಇರುವ ಮಾತ್ರೆ ಯಾವುದೂ ನನಗೆ ನಾಟಲಿಲ್ಲ. ಅಲ್ಲೇ ಇದಕ್ಕೊಂದು ಹೊಸ ಔಷಧದ ಪ್ರಯೋಗ ನಡೆಯುತ್ತಿದೆ, ಒಪ್ಪಿದ ರೋಗಿಗಳನ್ನು ಪರೀಕ್ಷಿಸಿ ಸೇರಿಸಿಕೊಳ್ಳುತ್ತಾರೆ. ಹೋದೆ. ಬೆಂಚಿನಲ್ಲಿ ಪಕ್ಕಕ್ಕೆ ಇದೇ ಕಾಯಿಲೆಯ ಒಬ್ಬ ಲಾರಿ ಡ್ರೈವರ್. ಅರ್ಜಿಯಲ್ಲಿ ಒಂದು ಪ್ರಶ್ನೆ: ಮದ್ಯದ ಅಥವಾ ಮಾದಕ ವಸ್ತುವಿನ ಚಟ ಎಂದಾದರೂ ಇತ್ತೇ?

"ಇಲ್ಲ ಅಂತ ಗೀಚಿ ಬಿಸಾಕಿ ಯಜಮಾನ್ರೇ. ನಾನೂ ಹಾಗೇ ಮಾಡಿದ್ದು," ಎಂದ.

ನಾನು ಹೌದು ಎಂದು ಬರೆದೆ. ಹದಿನಾರು ವರ್ಷ ಕುಡಿದೆ, ಬಿಟ್ಟು ಒಂಬತ್ತಾಯಿತು ಎಂದೂ ಬರೆದೆ. ಇನ್ನು ಸುಳ್ಳು ಹೇಳುವುದಿಲ್ಲ ಎಂದು ನಿನ್ನಮ್ಮನಿಗೆ ಕೊನೆಗಾಲದಲ್ಲಿ ಮಾತು ಕೊಟ್ಟಿದ್ದೆನಲ್ಲ.

ಡಾಕ್ಟರಮ್ಮ ನಿನ್ನ ವಯಸ್ಸಿನವರು. ಗದರಲಿಲ್ಲ. "ಹಿಂದೆ ಕುಡೀತಿದ್ರಿ ಅಂತ ನಾವು ಬಾಗಿಲು ಹಾಕಲ್ಲ," ಎಂದರು. "ಆದ್ರೆ ಈ ಔಷಧ ಅರಗೋದು ಲಿವರ್‌ನಲ್ಲಿ. ಮಧ್ಯೆ ಮತ್ತೆ ಕುಡಿದ್ರೆ ನಿಮ್ಮ ಪ್ರಾಣಕ್ಕೇ ಬರುತ್ತೆ. ಲಿವರ್ ಕೆಟ್ಟಿದ್ದು ಔಷಧದಿಂದಾನೋ ಕುಡಿತದಿಂದಾನೋ ನಮಗೂ ಗೊತ್ತಾಗಲ್ಲ. ನಾಳೆ ನಮ್ಮ ಲೆಕ್ಕ ನಂಬಿ ಎಷ್ಟೋ ಜನ ಇದನ್ನ ನುಂಗ್ತಾರೆ, ಅಲ್ವಾ?"

ಎರಡು ವರ್ಷವಾದರೂ ಪೂರ್ತಿ ಬಿಟ್ಟಿರಬೇಕು, ಮನೆಯವರೊಬ್ಬರು ಅದನ್ನು ಖಚಿತಪಡಿಸಬೇಕು, ಅದು ಅವರ ನಿಯಮ. ನ್ಯಾಯ ಎನ್ನಿಸಿತು. ರಕ್ತ ಕೊಟ್ಟೆ. ಲಿವರ್ ಸರಿಯಾಗಿದೆ ಎಂದು ಬಂತು. "ರಕ್ತ ಹೇಳೋದು ಈಚಿನ ಕೆಲವು ವಾರದ ಮಾತು. ವರ್ಷಗಳ ಮಾತು ಮನೆಯವರೇ ಹೇಳಬೇಕು," ಎಂದರು. ನಿನ್ನಮ್ಮ ಹೋಗಿ ಆರು ವರ್ಷ. ಇನ್ಯಾರಿದ್ದಾರೆ? ನಿನ್ನ ನಂಬರು ಕೊಟ್ಟೆ.

ನನ್ನನ್ನು ತೆಗೆದುಕೊಳ್ಳಲಿಲ್ಲ. ಡ್ರೈವರ್ ಸೇರಿಕೊಂಡ. ಇಲ್ಲ ಎಂದು ಬರೆದವನಿಗೆ ಸಾಕ್ಷಿ ಯಾರು ಕೇಳುತ್ತಾರೆ? ಮೊನ್ನೆ ಹೋಟೆಲಿನಲ್ಲಿ ಸಿಕ್ಕಿ, ತುಂಬಿದ ಚಹಾ ಲೋಟವನ್ನು ಒಂದು ಹನಿ ಚೆಲ್ಲದೆ ಎತ್ತಿ ತೋರಿಸಿದ. "ನಿಮ್ಮ ನಿಯತ್ತು ನಿಮಗೇನು ಕೊಡ್ತು ಹೇಳಿ?" ಎಂದು ನಕ್ಕ. ನಾನು ಲೋಟವನ್ನು ಮೇಜಿನ ಮೇಲಿಟ್ಟು, ಬಗ್ಗಿ ಬಾಯಿ ಹಚ್ಚಿ ಕುಡಿಯುತ್ತೇನೆ.

ಇರಲಿ. ಮಗುವಿಗೆ ಮುತ್ತು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ ಅಪ್ಪ

ಮತ್ತೆ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. ನಿನಗೆ ಫೋನ್ ಮಾಡಿದಾಗ ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನೀನು ಹೇಳಿದ್ದನ್ನು ಬರೆದುಕೊಳ್ಳುತ್ತ ತಿರುಗಿ ಓದಿದರು: "ಹೋದ ವರ್ಷ ಮಗು ನೋಡೋಕೆ ಕುಡಿದು ಬಂದಿದ್ರು. ಕೈ ನಡುಗ್ತಿತ್ತು. ಮಗೂನ ಕೊಡಲಿಲ್ಲ." ಆ ನಡುಕ ಕಾಯಿಲೆಯದೂ ಇರಬಹುದಲ್ಲ ಎಂದು ಅವರೇ ಕೇಳಿದರು. ನೀನು ಏನೋ ಅಂದೆ. ಅದನ್ನೂ ಓದಿದರು: "ಅಪ್ಪನ ಕುಡಿತ ನನಗೆ ಗೊತ್ತು."

ನೀನು ಸುಳ್ಳು ಹೇಳಲಿಲ್ಲ. ಅದೇ ಹೊಟ್ಟೆ ಉರಿಸುವುದು. ನೀನು ಮನೆ ಬಿಟ್ಟು ಹೋದಾಗ ನಾನು ಕುಡುಕನೇ. ಆಮೇಲೆ ಬಿಟ್ಟವನನ್ನು ನೋಡಲು ನೀನು ಬರಲೇ ಇಲ್ಲ. ಹೋದ ವರ್ಷ ಮಗು ನೋಡಲು ಬಂದಾಗ ನಾನು ಕೈ ಚಾಚಿದೆ, ನೀನು ಮಗುವನ್ನು ಸೆರಗಿನೊಳಗೆ ಎಳೆದುಕೊಂಡೆ. ಕುಡಿದಿಲ್ಲ ಕಣೇ ಎಂದು ಹೇಳಬಹುದಿತ್ತು. ಹದಿನಾರು ವರ್ಷ ದಿನಾ ಹೇಳಿದ್ದ ಮಾತೇ ಅದು, ಹಾಗಾಗಿ ಬಾಯಿ ಬರಲಿಲ್ಲ.

ಒಂದು ಸಲ ಕರೆ, ಬರುತ್ತೇನೆ. ಮಗುವನ್ನು ಕೊಡಬೇಡ. ನೀನೇ ಹತ್ತಿರ ಬಂದು ನನ್ನ ಬಾಯಿ ಮೂಸಿ ನೋಡು, ಅಷ್ಟು ಸಾಕು.