ಅವರು ಬಂದು ಮಾಡಿ ಹೋದರು

ಮಾನ್ವಿ,
ತಾ. ೧೪-೧೧-೧೯೮೬

ನನ್ನವರಿಗೆ ಜಂಬಮ್ಮ ಮಾಡುವ ನಮಸ್ಕಾರಗಳು.

ಮೊದಲು ಮೈ ಹೇಗಿದೆ ಬರೆಯಿರಿ. ಹಿಂದಿನ ಪತ್ರದಲ್ಲಿ ಕೆಮ್ಮು ಅಂದಿದ್ದಿರಿ. ಶಕ್ತಿನಗರದ ಕರೆಂಟು ಕಾರ್ಖಾನೆಯ ಆ ಬೂದಿ ಗಾಳಿಯಲ್ಲಿ ಬಾಯಿಗೆ ಟವೆಲ್ ಕಟ್ಟಿಕೊಳ್ಳದೆ ಕೆಲಸಕ್ಕೆ ಹೋಗಬೇಡಿ. ಇಲ್ಲಿ ಅತ್ತೆಯವರ ಮೊಣಕಾಲು ನೋವು ಮೊದಲಿನಂತೆಯೇ ಇದೆ, ನಾಲಿಗೆಯೂ ಮೊದಲಿನಂತೆಯೇ ಇದೆ, ಆದ್ದರಿಂದ ಆರೋಗ್ಯವಾಗಿದ್ದಾರೆ ಎಂದು ತಿಳಿಯಿರಿ. ನಾನೂ ಚೆನ್ನಾಗಿದ್ದೇನೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಎಂದಿನಂತೆ ಬಳೆ ಅಂಗಡಿಯ ಖತೀಜಾ ಬೀ ಅವರ ಕೈಲಿ ಬರೆಸಿದ್ದೇನೆ. ಗಂಡನ ಹೆಸರನ್ನು ಬಾಯಲ್ಲಿ ತರಬಾರದು ಎಂದ ಮೇಲೆ ಕೈಯಲ್ಲಿ ಬರೆಯುವುದು ಮಾತ್ರ ಸರಿಯೇ? ಅವರ ಅಕ್ಷರ ನಿಮಗೆ ಗೊತ್ತು. ಇದು ನಿಮಗೆ ಮುಟ್ಟಿದರೆ ಅಂಚೆಯವನ ಪುಣ್ಯ.

ಇನ್ನು ನಿಮ್ಮ ಸೈಕಲ್ ವಿಷಯ. ತುಳಿದಾಗಲೆಲ್ಲ ಕಟ್ ಕಟ್ ಅನ್ನುತ್ತದೆ, ಅಲ್ಲಿಯ ಯಾವ ಮೆಕ್ಯಾನಿಕ್‌ಗೂ ಕಾರಣ ಸಿಗಲಿಲ್ಲ ಎಂದು ಬರೆದಿದ್ದೀರಿ. ಮಾನ್ವಿಯ ಸೈಕಲ್ಲುಗಳನ್ನೆಲ್ಲ ಹದಿನೈದು ವರ್ಷ ರಿಪೇರಿ ಮಾಡಿದವರು ಸ್ವಂತ ಸೈಕಲ್ ಹಿಡಿದು ಇನ್ನೊಬ್ಬರ ಅಂಗಡಿ ಮುಂದೆ ನಿಂತಿರಲ್ಲ, ಅದನ್ನು ಓದಿ ಹೇಳಿದಾಗ ಅತ್ತೆಯವರು ನಕ್ಕ ನಗುವಿಗೆ ಎಲೆ ಅಡಿಕೆ ಗಂಟಲಿಗೆ ಸಿಕ್ಕಿತು. ಒಂದು ಕೆಲಸ ಮಾಡಿ. ಇಳಿಜಾರಿನಲ್ಲಿ ತುಳಿಯದೆ ಸುಮ್ಮನೆ ಬಿಡಿ. ಆಗಲೂ ಸದ್ದು ಬಂದರೆ ಚಕ್ರದೊಳಗಿನ ಗುಂಡುಗಳು ಸವೆದಿವೆ. ತುಳಿದಾಗ ಮಾತ್ರ, ಅದೂ ಪೆಡಲಿನ ಪ್ರತಿ ಸುತ್ತಿನಲ್ಲಿ ಒಂದೇ ಸಲ ಬಂದರೆ, ಪೆಡಲಿನ ಕ್ರ್ಯಾಂಕ್ ಹಿಡಿದಿರುವ ಕಾಟರ್ ಪಿನ್ನು ಸಡಿಲಾಗಿದೆ. ಪಿನ್ನಿನ ಪಕ್ಕಕ್ಕೆ ಡಬ್ಬಿಯ ತಗಡು ತುರುಕಿದ್ದೇನೆ ಅಂದಿದ್ದೀರಿ. ತಗಡು ತುರುಕುವವನು ಮೆಕ್ಯಾನಿಕ್ಕೇ ಅಲ್ಲ ಎಂದು ಗಿರಾಕಿಗಳ ಮುಂದೆ ಭಾಷಣ ಮಾಡುತ್ತಿದ್ದವರು ನೀವೇ. ಹೊಸ ಪಿನ್ನು ತಂದು, ಅದರ ಚಪ್ಪಟೆ ಮುಖವನ್ನು ಅರದಿಂದ ಸ್ವಲ್ಪ ತೀಡಿ, ಕ್ರ್ಯಾಂಕಿನ ಕೆಳಗೆ ಗಟ್ಟಿ ಕಬ್ಬಿಣ ಕೊಟ್ಟು, ಮೇಲೆ ಕಟ್ಟಿಗೆ ಚೂರು ಇಟ್ಟು ಸುತ್ತಿಗೆಯಿಂದ ಕೂರಿಸಿ. ನಟ್ಟು ಆಮೇಲೆ. ನಟ್ಟು ಬಿಗಿದು ಪಿನ್ನನ್ನು ಎಳೆದುಕೊಳ್ಳಲು ಹೋದರೆ ಥ್ರೆಡ್ಡು ಹಾಳಾಗುತ್ತದೆ. ಚೈನಿಗೆ ಶೇಂಗಾ ಎಣ್ಣೆ ಬಿಟ್ಟಿರಂತೆ. ಒಗ್ಗರಣೆ ಕೊಡಲು ಅದೇನು ಪುಂಡಿಪಲ್ಯವೇ? ಅದಕ್ಕೆ ಬೂದಿ ಹತ್ತಿ ಅಂಟಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಕೊಂಡಿಗೊಂದು ಹನಿ ಮಷಿನ್ ಎಣ್ಣೆ ಸಾಕು.

ಇವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಈ ಹೊತ್ತಿಗೆ ನಿಮ್ಮ ಹುಬ್ಬು ಗಂಟಾಗಿರುತ್ತದೆ. ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ಅಂಗಡಿ ಮುಚ್ಚಿದೆ ಎಂದು ನಾನು ಬರೆಯುತ್ತಿದ್ದದ್ದು ಸುಳ್ಳು. ನೀವು ಹೋದ ಮೇಲೆ ಎರಡು ತಿಂಗಳು ಮುಚ್ಚಿತ್ತು, ನಿಜ. ಒಂದು ದಿನ ಕಸ ಹೊಡೆಯಲು ಬಾಗಿಲು ತೆಗೆದಿದ್ದೆ. ಹಾಲಿನ ಸಲಾವುದ್ದೀನ್ ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬಂದು, ನನ್ನ ಮುಖ ನೋಡುತ್ತಲೇ, ‘ಅಂಗಡ್ಯಾಗ ಯಾರೂ ಇಲ್ಲೇನ್ರೀ?’ ಎಂದು ಕೇಳಿದ. ಆಳೆತ್ತರದ ಹೆಂಗಸು ಪೊರಕೆ ಹಿಡಿದು ನಿಂತಿದ್ದು ಅವನ ಲೆಕ್ಕಕ್ಕೇ ಇಲ್ಲ. ನನಗೆ ಉರಿದುಹೋಯಿತು. ‘ಯಾರೂ ಇಲ್ರೀ. ಇಟ್ಟು ಹೋಗ್ರಿ, ಅವರು ಬಂದು ಮಾಡ್ತಾರ’ ಅಂದೆ. ಅವನು ಆ ಕಡೆ ಹೋದದ್ದೇ ಟ್ಯೂಬು ಬಿಚ್ಚಿ, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕಿ, ಉಜ್ಜಿ, ತೇಪೆ ಹಚ್ಚಿದೆ. ಟಯರಿನ ಒಳಗೆ ಬೆರಳಾಡಿಸಿ ಮುಳ್ಳನ್ನೂ ಕಿತ್ತೆ. ನೀವು ಅವಸರದಲ್ಲಿ ಅದನ್ನು ಮರೆಯುತ್ತಿದ್ದಿರಿ, ಅದೇ ಗಿರಾಕಿ ಮರುದಿನ ಮತ್ತೆ ಬರುತ್ತಿದ್ದ. ಸಂಜೆ ಸಲಾವುದ್ದೀನ್ ಬಂದಾಗ, ಅವರು ಬಂದು ಮಾಡಿ ಹೋದರು ಅಂದೆ.

ಒಂದು ಸಲದ ಸುಳ್ಳು ಅಂದುಕೊಂಡಿದ್ದೆ, ನಾಲ್ಕು ತಿಂಗಳು ನಡೆಯಿತು. ಗಿರಾಕಿಗಳು ಸೈಕಲ್ ಇಟ್ಟು ಹೋಗುತ್ತಾರೆ, ನಾನು ಬಾಗಿಲು ಮುಂದೆ ಮಾಡಿಕೊಂಡು ಮಾಡಿಡುತ್ತೇನೆ. ಯಾರಾದರೂ ಬೇಗ ಬಂದರೆ ಕಟ್ಟೆಯ ಮೇಲೆ ಕೂತ ಅತ್ತೆಯವರು, ‘ಈಗ ಹೋದ ನೋಡಪಾ, ಎದುರಿಗೆ ಸಿಗಲಿಲ್ಲೇನು?’ ಎನ್ನುತ್ತಾರೆ. ಸುಳ್ಳು ಹೇಳುವುದರಲ್ಲಿ ಅವರ ಮುಂದೆ ನಾನು ಇನ್ನೂ ಒಂದನೇ ಇಯತ್ತೆ. ತಾಯಿಯ ಮುಖ ನೋಡಲು ಶಕ್ತಿನಗರದಿಂದ ದಿನವೂ ಬಂದು ಹೋಗುವ ಮಗ ಎಂದು ಊರಲ್ಲಿ ನಿಮ್ಮ ಕೀರ್ತಿ ಹಬ್ಬಿದೆ. ನಿಮ್ಮನ್ನು ತೋರಿಸಿ ಉಡಾಳ ಮಕ್ಕಳಿಗೆ ಬುದ್ಧಿ ಹೇಳುತ್ತಾರಂತೆ. ಸಲಾವುದ್ದೀನ್ ಅಂತೂ, ‘ಇತ್ತೀಚಿಗೆ ನಿಮ್ಮ ಯಜಮಾನ್ರ ಕೈ ಭಾಳ ಸುಧಾರಸ್ಯಾದ ನೋಡ್ರಿ’ ಅಂದ. ನಗಬೇಕೋ ಅಳಬೇಕೋ ತಿಳಿಯದೆ ಪಂಪು ಹೊಡೆದೆ.

ಅಷ್ಟರಲ್ಲಿ ನಿಮ್ಮ ಪತ್ರ ಬಂತು. ರೈಸ್ ಮಿಲ್ಲಿನ ವಿರೂಪಣ್ಣನವರಿಗೆ ತೌಡಿನ ಚೀಲ ಇಡಲು ಅಂಗಡಿ ಕೊಡುವ ಮಾತಾಗಿದೆ, ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿಡು ಎಂದು. ಅಂದು ನನಗೆ ಊಟ ಸೇರಲಿಲ್ಲ. ಹನ್ನೆರಡು ವರ್ಷ ನೀವು ಕೈ ಚಾಚುವ ಮೊದಲೇ ಯಾವ ಪಾನಾ ಬೇಕೋ ಅದನ್ನು ಕೊಟ್ಟವಳು ನಾನು. ನನಗೆ ಈ ಅಂಗಡಿ ಬೇಕು. ಬಾಯಿಬಿಟ್ಟು ನಿಮ್ಮ ಹತ್ತಿರ ಏನನ್ನೂ ಕೇಳಿದವಳಲ್ಲ, ಇದನ್ನು ಕೇಳುತ್ತಿದ್ದೇನೆ.

ಸೋಮವಾರ ವಿರೂಪಣ್ಣನವರು ಅಳತೆಯ ಟೇಪು ಹಿಡಿದು ಬಂದರು. ದೇವರು ದೊಡ್ಡವನು, ನಮ್ಮ ಕಟ್ಟೆಯ ಮುಂದೆಯೇ ಅವರ ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ಹೊಕ್ಕಿತು. ಮಿಲ್ಲಿಗೆ ಲಾರಿ ಬರುವ ಹೊತ್ತು, ಇಟ್ಟು ಹೋಗಿ ಎನ್ನುವಂತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅವರ ಕಣ್ಣೆದುರೇ ಕೂತೆ. ಅವರು ಡಬ್ಬದ ಮೇಲೆ ಕೂತು ನೋಡಿದರು. ಚಕ್ರದ ಬೆಂಡನ್ನೂ ತೆಗೆದು ನಿಲ್ಲಿಸಿದಾಗ, ‘ಅಂದ್ರ, ಇಷ್ಟ ದಿನ ನನ್ನ ಸೈಕಲ್ ಮಾಡಾಕತ್ತಿದ್ದು ನೀನೇ ಏನ್ ತಂಗಿ?’ ಎಂದರು. ಹೌದ್ರೀ ಅಂದೆ. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ‘ತೌಡು ಎಲ್ಲಿ ಬೇಕಾದ್ರೂ ಇಡ್ತೀನಿ. ಸೈಕಲ್ ಎಲ್ಲಿ ಒಯ್ಲಿ?’ ಅಂದರು. ಹೋಗುವಾಗ ಟಯರು ಹಿಚುಕಿ, ಗಾಳಿ ಕಡಿಮೆ ಎಂದೂ ಹೇಳಿದರು. ಅವರ ತೂಕಕ್ಕೆ ಇನ್ನೆಷ್ಟು ಹೊಡೆಯಲಿ?

ಅವರು ಬೇಡ ಎಂದರೆಂದು ನೀವು ಇನ್ನೊಬ್ಬರನ್ನು ಹುಡುಕಬೇಡಿ. ಮುಂದಿನ ಭಾನುವಾರ ನಿಜವಾಗಿಯೂ ಬಂದು ಹೋಗಿ. ಊರಿನವರೆಲ್ಲ ನೀವು ದಿನಾ ಬರುತ್ತೀರಿ ಅಂದುಕೊಂಡಿದ್ದಾರೆ, ನಾವಿಬ್ಬರು ಮಾತ್ರ ಆರು ತಿಂಗಳಿಂದ ನಿಮ್ಮ ಮುಖ ನೋಡಿಲ್ಲ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಬರುವಾಗ ಒಳ್ಳೆಯ ಅಡಿಕೆ ತರಬೇಕಂತೆ.

ನಿಮ್ಮ,
ಜಂಬಮ್ಮ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಉಳಿಯಿತು. ವಿರೂಪಣ್ಣನವರು ನಿನ್ನೆ ಮಿಲ್ಲಿನ ಬೋರ್ಡು ಬರೆಯಲು ಬಂದಿದ್ದ ದೇವದುರ್ಗದ ಪೇಂಟರನ್ನು ನಮ್ಮ ಅಂಗಡಿಗೂ ಕಳಿಸಿದ್ದರು. ಅವನು ಊರಿಗೆ ಹೊಸಬ. ಹಳೆಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದಾದ ಮೇಲೆ, ಯಾರ ಹೆಸರು ಬರೆಯಲಿ ಎಂದು ಕೇಳಿದ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮದುವೆಯ ದಿನವೇ ಹೇಳಿಕೊಟ್ಟವರು ಅತ್ತೆಯವರು. ಮಗನ ಹೆಸರನ್ನು ಅವರಾದರೂ ಹೇಳಬಹುದಿತ್ತು, ಪಕ್ಕದಲ್ಲೇ ಕೂತಿದ್ದರು. ಆದರೆ ಅವರ ಬಾಯಿ ತುಂಬ ಎಲೆ ಅಡಿಕೆ ಇತ್ತು, ಅವನು ಎರಡು ಸಲ ಕೇಳಿದರೂ ಉಗುಳಲಿಲ್ಲ. ನಿಮ್ಮ ಆಯುಷ್ಯಕ್ಕಿಂತ ನನಗೆ ಯಾವುದೂ ಹೆಚ್ಚಲ್ಲ. ಹಾಗಾಗಿ ನನ್ನ ಹೆಸರನ್ನೇ ಹೇಳಿದೆ. ಬಣ್ಣ ಒಣಗಿದೆ.