ನಲವತ್ತರ ವೇಗದಲ್ಲಿ ಹಾರುವ ಕಾರು

ಪ್ರೀತಿಯ ಯಾವ್‌ತೆಗೆ,

ಗುಡಿಯಂಗಳದಲ್ಲಿ ಸೇರಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಸ್ಟೂಲು ಸಿಗದೆ ಸ್ಕೂಟರಿನ ಮೇಲೆಯೇ ಕೂತವರೇ, ಮೊಮ್ಮಗನನ್ನು ಹೆಗಲಿಗೇರಿಸಿಕೊಂಡು ಹಿಂದಿನವರಿಗೆ ಅಡ್ಡ ನಿಂತ ಅಜ್ಜಂದಿರೇ, ಎಲ್ಲರೂ ಕೇಳಿ! ಈ ಪತ್ರ ಒಬ್ಬನೇ ಒಬ್ಬ ಹುಡುಗನಿಗೆ, ನನ್ನ ತಂಗಿಯ ಮಗನಿಗೆ ಬರೆದದ್ದು. ಆದರೆ ನಲವತ್ತು ವರ್ಷ ದೇವರೆದುರಿನ ಅಟ್ಟದ ಮೇಲೆ ನಾಟಕದ ಸೇನಾಪತಿಯಾಗಿ ಗರ್ಜಿಸಿದ ಗಂಟಲು ನನ್ನದು. ಒಬ್ಬನ ಕಿವಿಗೆ ಮಾತ್ರ ಬೀಳುವಂತೆ ಮಾತಾಡುವ ವಿದ್ಯೆ ನನಗೆ ಬರುವುದಿಲ್ಲ, ಕಾಗದ ಬರೆಯುವಾಗಲೂ ಎದುರಿಗೆ ಸಭೆಯೇ ಕಾಣುತ್ತದೆ. ಆದ್ದರಿಂದ ಊರೆಲ್ಲ ಕೇಳಲಿ. ನೀನು ಮಾತ್ರ ಕೊನೆಯ ಸಾಲಿನವರೆಗೆ ಓದು ಯಾವ್‌ತೆ, ಯಾಕೆಂದರೆ ಇದು ನಾಳೆ ಬೆಳಗಿನ ಮಾತು.

ಏಪ್ರಿಲ್‌ನಿಂದ ಶುರುಮಾಡುತ್ತೇನೆ. ಹಿರಿಯರ ಸಮಾಧಿ ಗುಡಿಸಿ ಬಂದ ವಾರ. ನಿನ್ನ ಅಮ್ಮ ಬಿಯುನ್ ತನ್ನ ತಿಂಡಿ ಅಂಗಡಿಯ ಕಾವಲಿಯೆದುರು ನಿಂತು ನನಗೆ ಹೇಳಿದಳು: “ಅಣ್ಣಾ, ಭಾನುವಾರ ಬಂದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ. ಆರರಿಂದ ಎಂಟರವರೆಗೆ ಹುಯ್ದ ಮೊಟ್ಟೆ ದೋಸೆಯೆಲ್ಲ ಕರಕಲು. ಗಿರಾಕಿಗಳು ಭಾನುವಾರ ಪಕ್ಕದ ಅಂಗಡಿಗೇ ಹೋಗ್ತಾರೆ. ಇವನು ಬೆಟ್ಟದ ರಸ್ತೇಲಿ ಕಾರು ಹಾರಿಸಿ, ಇಳಿದು ಬಂದು ಹಾರ್ನ್ ಹೊಡೆದ ಮೇಲೇ ನಾನು ಉಸಿರು ಬಿಡೋದು. ನೀನು ಸೋದರಮಾವ ಅಲ್ವಾ? ಏನಾದ್ರೂ ಮಾಡು.”

ಸೋದರಮಾವ! ಮುಂದೆಂದೋ ನಡೆಯುವ ನಿನ್ನ ಮದುವೆಯ ಊಟದಲ್ಲಿ ದೊಡ್ಡ ಮೇಜಿನ ಮೊದಲ ಕುರ್ಚಿ ನನ್ನದು. ನಾನು ಚಾಪ್‌ಸ್ಟಿಕ್ ಎತ್ತುವ ತನಕ ಬೀಗರೂ ಬಾಯಿಗೆ ಏನೂ ಇಡುವಂತಿಲ್ಲ. ಅಂಥ ಮಾವ ಆ ಭಾನುವಾರ ಏನು ಮಾಡಿದ? ಹದಿಮೂರನೇ ಕಿಲೋಮೀಟರಿನ ತಿರುವಿಗೆ ಹೋದ. ಅಲ್ಲಿ ಮಡಚುವ ಸ್ಟೂಲು ಹಾಕಿಕೊಂಡು, ಬರುವ ಹೋಗುವ ಬೈಕು ಕಾರುಗಳ ಚಿತ್ರ ಹಿಡಿದು ಸಂಜೆ ಅಂತರ್ಜಾಲದ ತಮ್ಮ ಗುಂಪಿನ ಪುಟಕ್ಕೆ ಹಾಕುವ ಏಳೆಂಟು ಜನ ಕೂತಿದ್ದರು. ಅವರನ್ನು ಕಂಡೊಡನೆ ನಿಮ್ಮಂಥ ಹುಡುಗರ ಕಾಲು ಪೆಡಲನ್ನು ಒತ್ತುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಬಿಳಿ ಕಾರು ಕೆಳಗಿನ ತಿರುವಿನಲ್ಲಿ ಕಂಡಿತು. ನಾನು ಎರಡೂ ಕೈ ಎತ್ತಿ, ಎದೆ ತುಂಬ ಗಾಳಿ ಎಳೆದು, “ನಿಲ್ಲೋ!” ಎಂದು ಅರಚಿದೆ.

ನಿನಗೆ ಅದು ಹುರಿದುಂಬಿಸುವ ಕೂಗಿನಂತೆ ಕೇಳಿಸಿತು. ಮಾವ ತನ್ನನ್ನು ನೋಡಲು ಬೆಟ್ಟ ಹತ್ತಿ ಬಂದು ಎರಡೂ ಕೈ ಎತ್ತಿ ಕುಣಿಯುತ್ತಿದ್ದಾನೆ! ನೀನು ಇನ್ನೂ ಒತ್ತಿದೆ. ಹಿಂದಿನ ಚಕ್ರ ಜಾರಿತು, ಕಾರಿನ ಬಾಲ ರಸ್ತೆಯಂಚಿನ ಕಬ್ಬಿಣದ ಪಟ್ಟಿಯನ್ನು ಉದ್ದಕ್ಕೆ ಸವರಿಕೊಂಡು ಹೋಯಿತು. ಪಟ್ಟಿಯಾಚೆ ಕಣಿವೆ. ನೀನು ಕಿಟಕಿಯಿಂದ ಕೈ ಹೊರಗೆ ಹಾಕಿ ಹೆಬ್ಬೆರಳು ತೋರಿಸಿ ಹೋದೆ. ನಾನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತೆ. ಎಷ್ಟೋ ಯುದ್ಧಗಳಲ್ಲಿ ಸತ್ತು ಎದ್ದವನು ನಾನು. ಆ ದಿನ ಮಾತ್ರ ಏಳುವುದಕ್ಕೆ ಪಕ್ಕದವರ ಕೈ ಬೇಕಾಯಿತು.

ಸಂಜೆ ಅದೇ ಕ್ಷಣದ ಚಿತ್ರ ಪುಟಕ್ಕೆ ಬಂತು. ನೋಡಿ ದಂಗಾದೆ. ತೊಂಬತ್ತರ ವೇಗದಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಹೋದ ನಿನ್ನ ಕಾರು ಚಿತ್ರದಲ್ಲಿ ನಿಂತಿತ್ತು! ಚಕ್ರದ ಒಂದೊಂದು ಕಡ್ಡಿಯನ್ನೂ ಎಣಿಸಬಹುದು, ಹಿಂದಿನ ಮರದ ಒಂದೊಂದು ಎಲೆಯನ್ನೂ ಎಣಿಸಬಹುದು. ನೀನು ಕೆಲಸ ಮಾಡುವ ಟೈರ್ ಅಂಗಡಿಯ ಮುಂದೆ ಪಾರ್ಕ್ ಮಾಡಿದ ಹಾಗೆ. ಹಿಡಿದವನು ಹೊಸಬ, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಶಟರ್ ತೆರೆದು ಮುಚ್ಚಿದ್ದ. ನೀನು ಅದರ ಕೆಳಗೆ ಬರೆದಿದ್ದೆ: “ಚೆನ್ನಾಗಿದೆ. ಮುಂದಿನ ಸಲ ಇನ್ನೂ ಜೋರಾಗಿ ಬರ್ತೀನಿ.”

ಆಗ ನನ್ನೊಳಗಿನ ನಟ ಎದ್ದು ಕೂತ. ಅಟ್ಟದ ಮೇಲೆ ಕುದುರೆ ಎಲ್ಲಿಂದ ಬರಬೇಕು? ಕೈಯಲ್ಲಿ ಕುಚ್ಚು ಕಟ್ಟಿದ ಒಂದು ಚಾಟಿ, ಅಷ್ಟೇ. ಅದನ್ನು ಬೀಸುತ್ತ ಮೂರು ಸುತ್ತು ಬಂದರೆ ಪೂರ್ವದ ಕೋಟೆಯಿಂದ ಪಶ್ಚಿಮದ ಗಡಿ ಮುಟ್ಟಿದಂತೆ. ನಿನ್ನ ಅಜ್ಜ ನನಗೆ ಅದನ್ನು ಕಲಿಸುವಾಗ ಬೆನ್ನಿಗೆ ಒಂದು ಬಿಗಿದು ಹೇಳುತ್ತಿದ್ದರು: “ಲೇ, ಕಾಲನ್ನಲ್ಲ, ನೋಡೋರ ಕಣ್ಣನ್ನ ಓಡ್ಸೋ!” ಅರವತ್ತರ ಹೊಸ್ತಿಲಲ್ಲಿ ನಾನು ತೀರ್ಮಾನಿಸಿದೆ. ಈ ಹುಡುಗನಿಗೆ ಬೇಕಾದದ್ದು ವೇಗದ ಚಿತ್ರ. ಆ ವೇಗವನ್ನು ನಾನು ಕೊಡುತ್ತೇನೆ. ಅವನು ನಿಧಾನವಾಗಿ ಬಂದರೆ ಸಾಕು.

ಮಾರನೆಯ ದಿನವೇ ಕ್ಯಾಮೆರಾ ಅಂಗಡಿಗೆ ನುಗ್ಗಿದೆ. ರೈಲ್ವೆ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ, ಬಳಸಿದ ಕ್ಯಾಮೆರಾ ಮಾರುವ ಕೋ ಅಕ್ಕನ ಅಂಗಡಿ. ಗಾಜಿನ ಕಪಾಟಿನಲ್ಲಿ ಫಿರಂಗಿಯಂಥ ಒಂದು ಲೆನ್ಸ್ ಕಂಡಿತು. ಅದನ್ನೇ ಕೊಡಿ ಎಂದೆ. ಆಕೆ ಅದನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ನನ್ನ ಕೈಗಿತ್ತು, “ಕಣ್ಣಿಗೆ ಹಿಡ್ಕೊಳ್ಳಿ. ಹಂಗೇ ಇರಿ. ನಾನು ಟೀ ಕುಡಿದು ಬರ್ತೀನಿ” ಎಂದು ಒಳಗೆ ಹೋದಳು. ಬರುವಷ್ಟರಲ್ಲಿ ನನ್ನ ಮೊಣಕೈ ತಮಟೆ ಬಾರಿಸುತ್ತಿತ್ತು.

“ನೋಡಿದ್ರಾ? ಟೀ ಕುಡಿಯೋಷ್ಟು ಹೊತ್ತು ಹಿಡಿಯೋಕಾಗಲ್ಲ ಅಂದ್ರೆ ಅದು ನಿಮ್ಮ ಕ್ಯಾಮೆರಾ ಅಲ್ಲ. ಮನೇಲಿಟ್ಟು ಧೂಳು ಒರೆಸೋ ಸಾಮಾನು.”

ಆಕೆ ಆರಿಸಿ ಕೊಟ್ಟದ್ದು ಐದು ವರ್ಷ ಹಳೆಯ, ಮೂಲೆಯಲ್ಲಿ ಬಣ್ಣ ಹೋದ ಒಂದು ಕ್ಯಾಮೆರಾ. ಕಣ್ಣಿಟ್ಟು ನೋಡುವ ಕಿಂಡಿ ಇದೆಯೇ ಎಂದು ಮೊದಲು ನೋಡಿದಳು. ಬಿಸಿಲಲ್ಲಿ ಹಿಂಬದಿಯ ಪರದೆ ನೋಡಿಕೊಂಡು ಕಾರನ್ನು ಹಿಂಬಾಲಿಸುವವನು ಕಾರನ್ನೂ ಕಳೆದುಕೊಳ್ಳುತ್ತಾನೆ, ಕೈಯ ನಿಲುವನ್ನೂ ಕಳೆದುಕೊಳ್ಳುತ್ತಾನೆ ಎಂದಳು. ಹಣವನ್ನು ಲೆನ್ಸಿಗೆ ಹಾಕಿ, ಡಬ್ಬಿಗಲ್ಲ ಎಂದಳು. ಹತ್ತಿರದ್ದನ್ನೂ ತುಸು ದೂರದ್ದನ್ನೂ ಎಳೆಯುವ, ಒಂದು ಸೇರು ಅಕ್ಕಿಯಷ್ಟೂ ತೂಗದ ಲೆನ್ಸ್. ಜೊತೆಗೆ ಲೆನ್ಸಿನ ಮುಂದೆ ಸಿಕ್ಕಿಸುವ ಎರಡು ಗಾಜು. ಒಂದು ಕಾರಿನ ಮೈಮೇಲಿನ ಹೊಳಪನ್ನು ಬೇಕಾದಷ್ಟೇ ಇಳಿಸುವುದು. ಇನ್ನೊಂದು ಕಪ್ಪು ಕನ್ನಡಕದಂಥದ್ದು. ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಬಿಸಿಲು ಒಳನುಗ್ಗಿ ಚಿತ್ರ ಬೆಳ್ಳಗಾಗುತ್ತದಲ್ಲ, ಅದನ್ನು ತಡೆಯುವುದು.

“ಬೆಟ್ಟಕ್ಕೆ ಯಾವಾಗ ಹೋಗ್ಲಿ?” ಎಂದೆ.

“ಬೆಟ್ಟವಾ! ಮೊದಲು ನನ್ನ ಅಂಗಡಿ ಮುಂದೆ ತರಕಾರಿ ಹೆಂಗಸರ ಸ್ಕೂಟರ್ ಹಿಡಿದು ತೋರಿಸಿ.”

ಮೂರು ತಿಂಗಳು ಹಿಡಿದೆ ಯಾವ್‌ತೆ! ಮೊದಲ ದಿನ ಇನ್ನೂರು ಚಿತ್ರ. ಇನ್ನೂರರಲ್ಲೂ ಸ್ಕೂಟರಿನ ಬದಲು ಗಂಜಿ ಹಾದುಹೋದಂತಿತ್ತು. ಕೋ ಅಕ್ಕ ಒಂದೊಂದನ್ನೂ ನೋಡಿ, “ಇದು ಸೋಯಾ ಹಾಲು, ಇದು ಮೊಸರು, ಇದರಲ್ಲಿ ಒಂದು ಕಿವಿ ಕಾಣ್ತಿದೆ, ಪರವಾಗಿಲ್ಲ” ಎನ್ನುತ್ತಿದ್ದಳು. ನಾನು ತೋಳಿನಿಂದ ತಿರುಗುತ್ತಿದ್ದೆ, ಅದೇ ತಪ್ಪು. ಒಂದು ದಿನ ಕತ್ತಿವರಸೆ ನೆನಪಾಯಿತು. ಪಾದ ನೆಲಕ್ಕೆ ಊರಿ, ಮೊಣಕೈ ಪಕ್ಕೆಲುಬಿಗೆ ಒತ್ತಿ, ಸೊಂಟದಿಂದ ಮೇಲಿನ ಮೈಯನ್ನಷ್ಟೇ ಬಾಗಿಲಿನಂತೆ ತಿರುಗಿಸಿದೆ. ಪಾದವನ್ನು ಗಾಡಿ ಹೋಗಿ ಮುಟ್ಟುವ ಕಡೆಗೆ ಇಟ್ಟೆ, ಸೊಂಟವನ್ನು ಅದು ಬರುವ ಕಡೆಗೆ ತಿರುಚಿದೆ. ಗಾಡಿ ಬರುತ್ತಿದ್ದಂತೆ ತಿರುಚಿದ ಮೈ ತಾನಾಗಿ ಬಿಚ್ಚಿಕೊಂಡಿತು. ಗುಂಡಿ ಒತ್ತಿದ ಮೇಲೂ ನಿಲ್ಲಬಾರದು. ಗಾಡಿ ಹೋದ ಮೇಲೂ ಒಂದು ಚಣ ತಿರುಗುತ್ತಲೇ ಇರಬೇಕು, ವೇಷಧಾರಿ ಪರದೆಯ ಹಿಂದೆ ಹೋದ ಮೇಲೂ ನಾಲ್ಕು ಹೆಜ್ಜೆ ಪಾತ್ರದಲ್ಲೇ ನಡೆಯುವ ಹಾಗೆ. ಆ ದಿನ ಪಾಲಕ್ ಹೇರಿಕೊಂಡ ಒಬ್ಬ ಅಜ್ಜಿ ಗಡಿಯ ದೂತೆಯಂತೆ ಹಾರಿಹೋದಳು. ಅಜ್ಜಿ ಚೂಪಾಗಿ ನಿಂತಿದ್ದಾಳೆ, ಬೀದಿಯೆಲ್ಲ ಗೆರೆಗೆರೆಯಾಗಿ ಹರಿದಿದೆ! ಕೋ ಅಕ್ಕ ಅದನ್ನು ನೋಡಿ ಒಳಗೆ ಹೋದಳು. ನನಗೂ ಒಂದು ಟೀ ತಂದಳು.

ಕಾರು ಸ್ಕೂಟರಿನಂತಲ್ಲ. ಅದು ಚಲಿಸುವ ಕನ್ನಡಿ. ನಿಲ್ಲಿಸಿದ ಕಾರೊಂದರ ಬಾಗಿಲಿನ ಚಿತ್ರ ಹಿಡಿದು, ಎಂಥ ಬಣ್ಣ, ಎಂಥ ಹೊಳಪು ಎಂದು ಬೀಗುತ್ತಿದ್ದೆ. ಅದರ ನಡುವೆ ಹೂವಿನಂಗಿ ತೊಟ್ಟ ಒಬ್ಬ ಡೊಳ್ಳುಹೊಟ್ಟೆಯವನು ನಿಂತಿದ್ದ. ನಾನೇ! ಅಂದಿನಿಂದ ಕಪ್ಪಂಗಿ. ಕಾರಿನ ಹಿಂದೆ ಏನಿದೆ, ಮುಂದೆ ಏನಿದೆ, ಸೂರ್ಯ ಎಲ್ಲಿದ್ದಾನೆ ಎಂದು ಮೊದಲು ಸುತ್ತು ಹಾಕಿ ನೋಡುವುದನ್ನು ಕಲಿತೆ. ಸೂರ್ಯ ಇಳಿಜಾರಾಗಿರುವ ಬೆಳಗ್ಗೆಯೇ ಕಾರಿನ ಭುಜ, ಸೊಂಟ ಎಲ್ಲ ಎದ್ದು ಕಾಣುತ್ತವೆ. ನೆತ್ತಿಗೆ ಬಂದರೆ ಯಾವ ಕಾರೂ ತಗಡಿನ ಡಬ್ಬಿ.

ನಂತರ ವಾರದ ದಿನಗಳಲ್ಲಿ, ನೀವು ಯಾರೂ ಇಲ್ಲದಾಗ, ಬೆಟ್ಟ ಹತ್ತಿದೆ. ತಿರುವಿನ ಒಳಮಗ್ಗುಲಲ್ಲಿ, ಕಲ್ಲುಗೋಡೆಯ ಹಿಂದೆ ಕೂತು ಶಟರಿನ ವೇಗವನ್ನು ಇಳಿಸುತ್ತ ಹೋದೆ. ಸೆಕೆಂಡಿನ ಅರವತ್ತರ ಒಂದು ಪಾಲು, ಮೂವತ್ತರ ಒಂದು ಪಾಲು, ಕೊನೆಗೆ ಹದಿನೈದರ ಒಂದು ಪಾಲು. ಅಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿಟ್ಟು ಮೈ ತಿರುಗಿಸಿದರೆ ಅಂಚೆಯವನ ವ್ಯಾನೂ ಬಾಣದಂತೆ ಹಾರುತ್ತದೆ. ನಲವತ್ತು ಚಿತ್ರ ತೆಗೆದರೆ ನಾಲ್ಕು ಚೆನ್ನಾಗಿ ಬರುತ್ತಿದ್ದವು. ಈಗ ಹತ್ತು ಬರುತ್ತವೆ. ಅಹಂಕಾರ ಅನ್ನು, ಪರವಾಗಿಲ್ಲ. ದುಡಿದು ಸಂಪಾದಿಸಿದ ಅಹಂಕಾರ.

ಈಗ ಬಂತು ನೋಡು ಕಥೆಯ ತಿರುವು! ಹುಣ್ಣಿಮೆ ಹಬ್ಬದ ಮಾರನೆಯ ದಿನ ಪುಟದಲ್ಲಿ ಒಂದು ಕೆಂಪು ಕಾರಿನ ಚಿತ್ರ ನೋಡಿದೆಯಲ್ಲ? ಹಾಕಿದವನ ಹೆಸರು ‘ಹದಿಮೂರನೇ ತಿರುವು’. ನಂಬರ್ ಪ್ಲೇಟು ಪುಟದ ರೂಢಿಯಂತೆ ಮುಚ್ಚಿತ್ತು, ಮುಂದಿನ ಗಾಜಿನಲ್ಲಿ ಬರಿಯ ಆಕಾಶ, ಹಿಂದಿನ ಬೆಟ್ಟ ಹಸಿರು ನೀರಾಗಿ ಸುರಿದಿತ್ತು. ನೂರಾರು ಜನ ಕೊಂಡಾಡಿದರು. ನೀನು ಏನು ಬರೆದೆ, ನೆನಪಿದೆಯೇ? “ಯಾರಪ್ಪಾ ಇವ್ನು? ನೂರಾ ಹತ್ತಕ್ಕೆ ಕಮ್ಮಿ ಇಲ್ಲ. ಸ್ಟೀರಿಂಗ್ ಹಿಂದೆ ಇರೋನು ಗಂಡ್ಸು ಅಂದ್ರೆ ಗಂಡ್ಸು! ಗುರುಗಳೇ, ಈ ಭಾನುವಾರ ಬನ್ನಿ. ಬಿಳೀ ಕಾರು ನಂದು. ಇವನನ್ನ ಮೀರಿಸಿ ತೋರಿಸ್ತೀನಿ.”

ಆ ಗುರು ನಾನೇ. ಕಾರು ಕೋ ಅಕ್ಕನದು, ಹಬ್ಬಕ್ಕೆಂದು ಎರವಲು ತಂದದ್ದು. ವೇಗ ಮೂವತ್ತೈದು. ಹಿಂದಿನ ಸೀಟಿನಲ್ಲಿ ಒಂದು ಬುಟ್ಟಿ ಚಕ್ಕೋತ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಕನ್ನಡಿಗೆ ನೇತುಹಾಕಿದ, ಕಡಲದೇವಿ ಮಾಝು ತಾಯಿಯ ತಾಯಿತದೊಡನೆ ಜೋರಾಗಿ ಮಾತಾಡುತ್ತ ಮೂರು ಸಲ ಆ ತಿರುವು ಸುತ್ತಿದ ಗಂಡಸು ನಿನ್ನ ಅಮ್ಮ.

ನಿನ್ನ ಮಾತನ್ನು ಅವಳಿಗೆ ಓದಿ ಹೇಳಿದೆ. ಮೊದಲು ಕಾವಲಿ ಬಿಟ್ಟು ನೆಲದ ಮೇಲೆ ಕೂತು ನಕ್ಕಳು. ಆಮೇಲೆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿಸಿದಳು. “ಮೀರಿಸ್ತೀನಿ ಅಂದಿದಾನಾ? ನನ್ನನ್ನಾ? ನಾನೇ ಅವನನ್ನ ಕರೆದ ಹಾಗಾಯ್ತಲ್ಲ ಅಣ್ಣಾ...” ಎಂದಳು. ಸೆರಗಿಲ್ಲದ ಅಡುಗೆಯಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು. ಏಪ್ರಿಲ್‌ನಲ್ಲಿ ನನ್ನ ಕೂಗು, ಈಗ ನನ್ನ ಚಿತ್ರ. ಎರಡು ಸಲವೂ ನಿನ್ನ ಕಾಲನ್ನು ಪೆಡಲಿಗೆ ಒತ್ತಿದವನು ನಾನೇ. ಅದಕ್ಕೇ ಗುಟ್ಟು ಬಿಟ್ಟುಕೊಟ್ಟು ಈ ಪತ್ರ ಬರೆದೆ. ಇವತ್ತು ಮಧ್ಯಾಹ್ನವೇ ಟೈರ್ ಅಂಗಡಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ಗೆಳೆಯರೆದುರು ಓದು, ಬಚ್ಚಲಿಗೆ ಹೋಗಿ ಓದು, ನಿನ್ನಿಷ್ಟ.

ನಿನಗೆ ಹೆದರಿಕೆ ಹುಟ್ಟಿಸುವ ಮಾತನ್ನು ನಾನು ಆಡುವುದಿಲ್ಲ. ಹೆದರಿಕೆಗೆ ನೀನು ಬಗ್ಗುವವನಲ್ಲ, ನಮ್ಮ ರಕ್ತವೇ ಹಾಗೆ. ಆದರೆ ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನಿಗೆ ಹೇಳುವಂತೆ ಹೇಳುತ್ತೇನೆ. ತೊಂಬತ್ತರಲ್ಲಿ ನೀನು ನನ್ನೆದುರು ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಯಾವ ಗುರುವಿಗೂ ಆ ಹೊತ್ತಿನಲ್ಲಿ ಸಿಗುವುದು ಒಂದು ಚಿತ್ರ, ಅದೂ ಅದೃಷ್ಟವಿದ್ದರೆ. ನಲವತ್ತರಲ್ಲಿ ಬಾ, ಹದಿನೈದು ಕೊಡುತ್ತೇನೆ, ಒಂದಕ್ಕಿಂತ ಒಂದು ಮೇಲು. ನಿನ್ನ ಬಿಳಿ ಬಣ್ಣ ಬೆಳಗಿನ ಬಿಸಿಲಿಗೆ ಬೆಣ್ಣೆಯಾಗುತ್ತದೆ, ಚಕ್ರ ಬೆಳ್ಳಿಯ ತಟ್ಟೆಯಾಗುತ್ತದೆ, ಬೆಟ್ಟವೇ ನಿನ್ನ ಹಿಂದೆ ಓಡುತ್ತದೆ. ನನಗೆ ಅದು ಬರುತ್ತದೆ. ಬರುತ್ತದೆಂದು ನಿನ್ನ ಕೈಯಿಂದಲೇ ಬರೆಸಿಕೊಂಡಿದ್ದೇನೆ.

ನಾಳೆ ಭಾನುವಾರ ಬೆಳಿಗ್ಗೆ ಐದೂವರೆಗೆ ನಾನು ಹದಿಮೂರನೇ ತಿರುವಿನ ಒಳಮಗ್ಗುಲಲ್ಲಿ ಕೂರುತ್ತೇನೆ. ಕೈ ಎತ್ತುವುದಿಲ್ಲ, ಬಾಯಿ ತೆರೆಯುವುದಿಲ್ಲ. ನೀನು ನಲವತ್ತರಲ್ಲಿ ಬಂದರೆ ನಿನ್ನ ಜೊತೆ ತಿರುಗುತ್ತೇನೆ, ಎಷ್ಟು ಸಲ ಬಂದರೆ ಅಷ್ಟು ಸಲ. ಅದಕ್ಕಿಂತ ಜೋರಾಗಿ ಬಂದರೆ ಕ್ಯಾಮೆರಾವನ್ನು ಮಡಿಲಿಗಿಳಿಸಿ, ಲೆನ್ಸಿಗೆ ಮುಚ್ಚಳ ಹಾಕಿ, ನೀನು ಕಣ್ಮರೆಯಾಗುವ ತನಕ ನಿನ್ನನ್ನೇ ನೋಡುತ್ತೇನೆ.

ಮಾಝು ತಾಯಿ ನಿನ್ನ ನಾಲ್ಕೂ ಚಕ್ರಗಳನ್ನು ನೆಲಕ್ಕಂಟಿಸಿ ಇಟ್ಟಿರಲಿ, ಮಗನೇ.

ನಾಳೆ ಬೆಳಕು ಹರಿಯುವ ಮೊದಲೇ ಬೆಟ್ಟ ಹತ್ತುವ
ನಿನ್ನ ಸೋದರಮಾವ,
ಹುವೋತು