ಮಳವಳ್ಳಿಯ ಸಾಲು

ಅ. 13, ಸೋಮವಾರ

ರೂಟಿಂಗ್ ಟೇಬಲ್ ಕ್ಲಾಸ್ — ಯಾರಿಗೆ ಯಾವ ದಾರಿ ಎಂದು ಮೆಷಿನ್ ಇಟ್ಟುಕೊಳ್ಳುವ ಪಟ್ಟಿ. ನೆಟ್‌ವರ್ಕ್ ಕಾರ್ಡಿಗೆ ಅಡ್ರೆಸ್ ಕೊಟ್ಟೊಡನೆ ಮೆಷಿನ್ನಿನ ಒಳಗಿನ ಕರ್ನಲ್ ತಾನಾಗಿಯೇ ಟೇಬಲ್ಲಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ — ಪಕ್ಕದವರಿಗೆ ಈ ತಂತಿ ಎಂದು. ದೂರದವರ ದಾರಿಯನ್ನು ಯಾರಾದರೂ ಹೇಳಿಕೊಡಬೇಕು. ಮೆಷಿನ್ ಆಫ್ ಆದರೆ ಎಲ್ಲ ಖಾಲಿ. ಮತ್ತೆ ಎದ್ದಾಗ ಪಕ್ಕದವರ ಸಾಲು ತಾನೇ ಬರುತ್ತದೆ. ದೂರದವರದು ಬರುವುದಿಲ್ಲ.

"ಆಗೇನ್ಮಾಡೋದು ಮೇಡಂ?" ಹರಿಪ್ರಿಯಾ ಕೇಳಿದಳು.

"ಫೋನ್ ಬರುತ್ತೆ," ಅಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು.

ಸಂಜೆ

ನಮ್ಮ ಸಂಸ್ಥೆಯ ಮಳವಳ್ಳಿ ಕಾಲೇಜಿನ ನೆಟ್ ಈಗಲೂ ಮಂಡ್ಯದ ನನ್ನ ಲ್ಯಾಬಿನ ಈ ಮೆಷಿನ್ ಮೂಲಕವೇ. ಮೊದಲೆಲ್ಲ ಕರೆಂಟು ಹೋಗಿ ಬಂದಾಗಲೆಲ್ಲ ಅಲ್ಲಿನ ಲ್ಯಾಬ್ ನೋಡಿಕೊಳ್ಳುವ ಗೆಳತಿ ರೂಪಳ ಫೋನು. "ಏನಮ್ಮಾ ಮಂಡ್ಯದವ್ಳೇ, ನಿದ್ದೆ ಒಡೀತಿದ್ದೀಯಾ? ರೂಟ್ ಆಕು!" ಅರ್ಧ ನಿಮಿಷದ ಕೆಲಸ. ಮಾತು ಮುಕ್ಕಾಲು ಗಂಟೆ. ನನ್ನ ನೋಡಲು ಬರುವಾಗಲೂ ಅಷ್ಟೇ, ನೇರ ಬಸ್ಸಿದ್ದರೂ ವಡೆ ಆಸೆಗೆ ಮದ್ದೂರಿನ ಮೇಲೆ ಬರೋಳು...

ಆಮೇಲೆ ನಾನೇ ಮಳವಳ್ಳಿಯ ಸಾಲನ್ನು ಮೆಷಿನ್ ಏಳುವಾಗ ಓದಿಕೊಳ್ಳುವ ಸ್ಟಾರ್ಟಪ್ ಫೈಲಿಗೆ ಸೇರಿಸಿದೆ. ಎಲ್ಲರೂ ಹೊಗಳಿದರು. ಫೋನು ನಿಂತಿತು.

ಅ. 16

ಸರ್ಕ್ಯುಲರ್. ನವೆಂಬರಿನಿಂದ ಮಳವಳ್ಳಿಗೆ ಅದರದೇ ಲೈನು. ನಡುವೆ ನಾವು ಬೇಕಿಲ್ಲ.

ರೂಪಳಿಗೆ ಫೋನ್ ಮಾಡಿದೆ.

"ಏನ್ ವಿಸ್ಯ?"

"ಏನಿಲ್ಲ, ಸುಮ್ನೆ."

"ಮೀಟಿಂಗಲ್ಲಿವ್ನಿ ಕಣೆ. ಆಮೇಲ್ ಮಾಡ್ತೀನಿ."

ಮಾಡಲಿಲ್ಲ. ಸುಮ್ಮನೆ ಮಾತಾಡುವುದು ಯಾವಾಗ ಇಷ್ಟು ಕಷ್ಟವಾಯಿತು?

ಅ. 23

ಹಬ್ಬದ ವಾರ, ಎರಡೂ ಕಡೆ ಲ್ಯಾಬ್ ಕ್ಲಾಸಿಲ್ಲ. ಫೈಲಿನಿಂದ ಆ ಸಾಲು ತೆಗೆದೆ. ಓಡುತ್ತಿರುವ ಟೇಬಲ್ಲಿನಲ್ಲಿ ಇನ್ನೂ ಇದೆ. ಕರೆಂಟು ಹೋಗುವವರೆಗೆ ಯಾರಿಗೂ ಗೊತ್ತಾಗದು.

ನನ್ನ ವಯಸ್ಸಿಗೆ ಇದು ತಕ್ಕುದೇ? ಅಲ್ಲ. ವಾಪಸ್ ಸೇರಿಸಲೂ ಇಲ್ಲ.

ಅ. 24, ಬೆಳಿಗ್ಗೆ

ಕರೆಂಟು ಹೋಗಿ ಬಂತು. ಮೆಷಿನ್ ಎದ್ದಿದೆ. ಮಂಡ್ಯದ ಸಾಲು ಬಂದಿದೆ, ಮಳವಳ್ಳಿಯದಿಲ್ಲ. ಅರ್ಧ ಗಂಟೆ ನೋಡಿ ನಾನೇ ಹಾಕಿಬಿಡುತ್ತೇನೆ.

ಇಲ್ಲ. ಫೋನೇ ಬಂದಿಲ್ಲ, ಅವಳು ಇವತ್ತು ರಜೆ ಹಾಕಿರಬಹುದು. ಅಥವಾ ಬೇರೆ ಯಾರಿಗೋ ಹೇಳಿರಬಹುದು...

ಕೀಬೋರ್ಡಿನ ಮೇಲೆ ಕೈಯಿಟ್ಟೆ. ಆಗ ಬಂತು ಫೋನು.

"ಲೇ, ಬದುಕಿದ್ದೀಯಾ? ನಿನ್ ಮೆಷಿನ್ಗೆ ನಮ್ಮೂರು ಮರ್ತೋಯ್ತಾ? ರೂಟ್ ಆಕೇ!"

"ಹಾಕ್ತಿದ್ದೀನಿ ಇರು."

ಬೇಕೆಂದೇ ತಪ್ಪು ಟೈಪ್ ಮಾಡಿದೆ.

"ಬಂತಾ?"

"ಎಲ್ಲಿ ಬಂತು? ಕೈ ಮರಗಟ್ಟೋಯ್ತಾ ನಿಂಗೆ?"

ಇನ್ನೊಂದು ತಪ್ಪು. ಅವಳು ನಗುತ್ತಿದ್ದಾಳೆ. ಅವಸರವೇನೂ ಇದ್ದಂತಿಲ್ಲ. ಕಿವಿಗೆ ಫೋನ್ ಒತ್ತಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾಳೆ ಬತ್ತೀನಿ ಅನ್ನುತ್ತಿದ್ದಾಳೆ, ಮದ್ದೂರಿನ ಮೇಲೆ—